ಹೊರಕ್ಕೆ ತಿರುಗಿದ ಕೋಡು

"ಇವತ್ತ ಆಡಿನ ಮನಿ ಎಸಿ ರಿಪೇರಿ ಮಾಡಿ ಬಂದೆ" ಅಂದರು ನನ್ನ ಗಂಡ ಶಿವಪುತ್ರ, ಬಾಗಿಲಲ್ಲಿ ಬೂಟು ಬಿಚ್ಚುತ್ತ.

ನಾನು ರೊಟ್ಟಿ ತಟ್ಟುತ್ತಿದ್ದೆ. ಮದುವೆಯಾಗಿ ದೋಹಾಕ್ಕೆ ಬಂದವಳು ಇಲ್ಲಿಯ ಒಂದು ಬೇಸಿಗೆಯನ್ನೂ ಇನ್ನೂ ಕಂಡಿರಲಿಲ್ಲ. ಇವರ ಕೆಲಸದ ಸುದ್ದಿಯೆಂದರೆ ಗ್ಯಾಸು, ಕಂಪ್ರೆಸರು, ಸೂಪರ್‌ವೈಸರನ ಬೈಗುಳ, ಅಷ್ಟೇ. ಅದರೊಳಗೆ ಆಡು ಬಂದದ್ದು ಅವತ್ತೇ ಮೊದಲು.

"ಆಡಿಗೆ ಎಸಿ?"

"ಹೂಂ. ಉಮ್ಮ್ ಸಲಾಲ್‌ದಾಗ ಒಬ್ಬ ಅರಬನ ತ್ವಾಟ ಐತಿ. ಎಲ್ಲಿಂದೋ ಥಂಡಿ ಗುಡ್ಡದಾಗಿನ ಆಡ ತರಿಸ್ಯಾನ. ಇಲ್ಲಿ ಬಿಸಲಿಗೆ ತಡ್ಯೂದಿಲ್ಲಂತ ಶೆಡ್ಡಿಗೆ ಎಸಿ ಹಾಕ್ಸ್ಯಾನ. ನಮಗ ಒಂದ, ಅವಕ್ಕ ಮೂರ!"

"ಕೆಟ್ಟದ್ದು ಯಾಕ?"

"ಹೊರಗಿನ ಯುನಿಟ್ ಮ್ಯಾಲ ಹತ್ತಿ ನಿಂದ್ರತಾವ. ಜಾಳಿಗಿ ಎಲ್ಲಾ ತಗ್ಗ ಬಿದ್ದೈತಿ. ಪಾಪ, ಈ ದೇಶದಾಗ ಗುಡ್ಡ ಎಲ್ಲಿಂದ ಬರಬೇಕ ಅವಕ್ಕ?" ಇವರು ಕೈ ತೊಳೆದು ಬಂದು ಬಿಸಿ ರೊಟ್ಟಿಯ ಅಂಚು ಮುರಿದರು. "ಆದ್ರ ಅವುರ ಕ್ವಾಡ ನೋಡಬೇಕಿತ್ತ ನೀ. ಹಗ್ಗ ಹೊಸದಂಗ ಹೊಸದಾವ. ನನ್ನ ತೋಳಿನಷ್ಟ ಉದ್ದ."

ನನ್ನ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳುವ ಬದಲು ಕಟ್ಟೆಯ ಮೇಲೆ ಬಿತ್ತು.

"ಒಳಗ ಹೊಸದಾವೋ, ಹೊರಗ ಹೊಸದಾವೋ?"

"ಏನು?"

"ಮುಂದಿನ ಏಣು ಬುಡದಾಗ ಒಳಗ ತಿರಗತೈತೋ, ಹೊರಗ ತಿರಗತೈತೋ ಅಂತ ಕೇಳಿದೆ."

ಇವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಹೆಂಡತಿಯ ತಲೆ ಸರಿಯಿದೆಯೋ ಇಲ್ಲವೋ ಎಂದು ಆಗ ಅವರಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ.

ನನ್ನನ್ನು ಬೆಳೆಸಿದವಳು ಅಪ್ಪನ ತಾಯಿ ಯಮನವ್ವ ಆಯಿ. ಅವಳ ಗಂಡ, ನಮ್ಮ ಮುತ್ಯಾ, ಇಂಗ್ಲಿಷರ ಕಾಲದಲ್ಲಿ ಪಲಟಣಿಗೆ ಸೇರಿ ಪೇಶಾವರದ ಆಚೆಯ ಗುಡ್ಡಗಳವರೆಗೆ ಹೋಗಿದ್ದವನು. ಹಿಂತಿರುಗುವಾಗ ಅವನು ಗೋಕಾಕದ ಹತ್ತಿರದ ನಮ್ಮ ಊರಿಗೆ ತಂದದ್ದು ಎರಡೇ: ಒಂದು ಕಂಬಳಿ, ಒಂದು ಆಡು. ಕಂಬಳಿ ಹೆಗಲ ಮೇಲಿತ್ತು, ಆಡು ಬಾಯಲ್ಲಿತ್ತು. ಅವನು ಹೋದ ಮೇಲೆ ಆ ಆಡು ಆಯಿಯ ಪಾಲಿಗೆ ಬಂತು.

ಆಯಿಯ ಬಾಯಲ್ಲಿ ಅದು ಬೆಳೆಯಿತು. ಆ ಆಡು ಹತ್ತುವ ಗುಡ್ಡಕ್ಕೆ ದಾರಿಯೇ ಇರಲಿಲ್ಲವಂತೆ. ಕಾಲಿಟ್ಟಲ್ಲಿ ದಾರಿ ಹುಟ್ಟುತ್ತಿತ್ತು. ಹಿಂದೆ ಬೇಟೆಗಾರ ಬರಬಾರದಲ್ಲ, ಅದಕ್ಕೆ ಆಡು ದಾರಿಯನ್ನು ಬಿಟ್ಟು ಹೋಗದೆ ಕೋಡಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ಗುಡ್ಡಕ್ಕೆ ಒಂದು ಸುತ್ತು. ಹಸಿವಾದರೆ ಹಾವು ಹಿಡಿದು ತಿನ್ನುತ್ತಿತ್ತು. ಆಯಿ ಇದನ್ನು ಹೇಳುತ್ತಿದ್ದದ್ದು ನನಗೆ ಎರಡು ಜಡೆ ಹಾಕುವಾಗ. ಗುಡ್ಡ ಕಡಿದಾದಂತೆ ಜಡೆಯೂ ಬಿಗಿಯಾಗುತ್ತಿತ್ತು, ನಾನು "ಯವ್ವಾ!" ಎಂದು ಕಿರುಚುತ್ತಿದ್ದೆ. ಆದರೆ ಎಷ್ಟೇ ಬೆಳೆಸಿದರೂ ಒಂದು ಮಾತನ್ನು ಆಯಿ ಬದಲಿಸುತ್ತಿರಲಿಲ್ಲ, ಅದು ಮುತ್ಯಾ ಹೇಳಿದ್ದು ಹೇಳಿದ ಹಾಗೇ ಇರಬೇಕು: ಊರ ಆಡಿನ ಕೋಡಿಗೆ ಹೊಸೆತ ಬಂದರೆ ಮುಂದಿನ ಏಣು, ಅಂದರೆ ಮುಂಬದಿಯ ಚೂಪು ಅಂಚು, ಮೊದಲು ಒಳಕ್ಕೆ ತಿರುಗುತ್ತದೆ. ಗುಡ್ಡದ ಆಡಿನದು ಹೊರಕ್ಕೆ.

ಊರಲ್ಲಿ ಇದಕ್ಕೆ ನಗದವರಿರಲಿಲ್ಲ. ಯಾರಾದರೂ ಸುಳ್ಳು ಹೇಳಿದರೆ "ಯಮನವ್ವನ ಆಡು ಬಂತ ನೋಡ್ರೆಪಾ" ಎನ್ನುವುದು ರೂಢಿಯಾಗಿತ್ತು. ಅದನ್ನು ಆಯಿ ತಾನೂ ನಕ್ಕು ಬಿಡುತ್ತಿದ್ದಳು. ಬಿಡಲಾಗದ್ದು ಒಂದೇ. ಸಂತೆಯಲ್ಲಿ ಒಂದು ದಿನ ಪಂಜಾಬದ ಕಡೆಯ ಲಾರಿಯಿಂದ ಇಳಿದ ಒಂದು ಹೋತ ನಿಂತಿತ್ತು, ಕೋಡು ಹೊಸೆದದ್ದೇ. ಸಿಂಪಿಗ ಗುರುಪಾದಪ್ಪ ಹತ್ತು ಜನರನ್ನು ಸೇರಿಸಿ ಆಯಿಯನ್ನು ಅದರ ಮುಂದೆ ಕರೆದೊಯ್ದ. ಏಣಿನ ಮೇಲೆ ಬೆರಳಿಟ್ಟು ತೋರಿಸಿದ. "ನೋಡ ದೊಡ್ಡವ್ವ, ಒಳಗ ತಿರಗೈತಿ. ಹೊರಗ ತಿರಗೂ ಕ್ವಾಡ ನಿನ್ನ ಗಂಡನ ಬಾಯಾಗಷ್ಟ ಇತ್ತು."

ಅಂದಿನಿಂದ ಆಯಿ ಕಥೆ ಬಿಟ್ಟಳು. ಓಣಿಯ ಮಕ್ಕಳು ಬಂದು ಸುತ್ತ ಕೂತರೆ "ನನಗ ಎಲ್ಲಾ ಮರತಾವ, ಹೋಗ್ರಿ" ಎನ್ನುವಳು. ನನ್ನ ಮದುವೆಯ ದಿನ ಜಡೆ ಹಾಕಿದವಳೂ ಅವಳೇ. ಒಂದು ಗುಡ್ಡವನ್ನೂ ಹತ್ತಿಸಲಿಲ್ಲ. ಸುಮ್ಮನೆ ಹಾಕಿದಳು, ಜಡೆ ಸಡಿಲವಾಗಿಯೇ ಉಳಿಯಿತು.

"ಅದಕ್ಕ ಕೇಳಿದೆ" ಎಂದೆ, ಕಟ್ಟೆಯ ಮೇಲಿನ ರೊಟ್ಟಿ ಎತ್ತುತ್ತ. "ಒಳಗೋ, ಹೊರಗೋ?"

"ನಾ ಕಂಪ್ರೆಸರ್ ನೋಡಾಕ ಹೋಗಿದ್ನಿ, ನೇತ್ರಾ. ಕ್ವಾಡಿನ ಏಣ ಯಾರ ನೋಡ್ಯಾರ?"

"ನನ್ನ ಕರಕೊಂಡ ಹೋಗ್ರಿ. ನಾ ನೋಡತೇನಿ."

ಆ ಶುಕ್ರವಾರ ಕಂಪನಿಯ ಪಿಕಪ್ಪಿನಲ್ಲಿ ಹೊರಟೆವು. ನಾನು ಮದುವೆಯ ಹಸಿರು ಇಳಕಲ್ ಸೀರೆ ಉಟ್ಟಿದ್ದೆ. "ಆಡ ನೋಡಾಕ ಹೊಂಟೀಯೋ, ಅದರ ಮದುವಿಗೆ ಹೊಂಟೀಯೋ?" ಎಂದು ಇವರು ಛೇಡಿಸಿದರು. ನಾವಿದ್ದ ಬಿನ್ ಮಹಮೂದಿನ ಓಣಿಗಳು ಮುಗಿದು ರಸ್ತೆ ಬಿಚ್ಚಿಕೊಂಡಿತು. ಎರಡೂ ಕಡೆ ಸಪಾಟು, ಬಿಳಿ ಮಣ್ಣು. ಒಂದು ದಿಬ್ಬ ಕಂಡರೂ ಸಾಕು ಎಂದು ಕಣ್ಣು ಹುಡುಕುತ್ತಿತ್ತು. ಗುಡ್ಡವೇ ಇಲ್ಲದ ನಾಡಿನಲ್ಲಿ ಗುಡ್ಡದ ಆಡು ತನ್ನ ದಾರಿಯನ್ನು ಎಲ್ಲಿ ಸುತ್ತಿಕೊಳ್ಳುತ್ತದೆ ಎಂದು ಯೋಚಿಸುತ್ತಿದ್ದೆ.

ತೋಟದ ಗೇಟು ತೆಗೆದವರು ಅಬ್ದುಲ್ ಸಲಾಂ. ಪುತ್ತೂರಿನ ಕಡೆಯವರು, ಆಡುಗಳನ್ನು ನೋಡಿಕೊಳ್ಳುವ ಕೆಲಸ.

"ಬನ್ನಿ ಶಿವಪುತ್ರಣ್ಣ, ಫ್ಯಾಮಿಲಿ ತಂದದ್ದಾ? ಒಳ್ಳೇದಾಯ್ತು. ಯಜಮಾನರು ಇವತ್ತು ಇಲ್ಲ. ಅಕ್ಕ, ಕೆಂಪು ಬಣ್ಣದ ಹತ್ರ ಹೋಗ್ಬೇಡಿ."

"ಯಾಕ್ರೀ, ಹಾಯತಾವೇನು?"

"ಎಂತ ಹಾಯುದು! ಆ ಕೆಂಪು ಬೇಲಿಗೆ ನಿನ್ನೆ ಪೈಂಟ್ ಹೊಡೆದದ್ದು. ನಿಮ್ಮ ಸೀರೆ ಹಾಳಾದೀತು."

ಬೇಲಿಯ ಆಚೆ ಎಲ್ಲಿಯೋ ಕೆಡವಿದ ಕಟ್ಟಡದ ಕಾಂಕ್ರೀಟು ತುಂಡುಗಳನ್ನು ತಂದು ರಾಶಿ ಹಾಕಿ ಒಂದು ಗುಡ್ಡ ಮಾಡಿದ್ದರು. ಮರಿಗಳೂ ಹೆಣ್ಣಾಡುಗಳೂ ಅದರ ಬುಡದಲ್ಲಿ ಕುದುರೆಮಸಾಲೆ ಸೊಪ್ಪು ಮೇಯುತ್ತಿದ್ದವು. ನನ್ನ ಆಡು ಎಲ್ಲೂ ಕಾಣಲಿಲ್ಲ.

"ಮೇಲೆ ನೋಡಿ ಅಕ್ಕ."

ಅದು ಶೆಡ್ಡಿನ ಮಾಡಿನ ಮೇಲಿತ್ತು. ನಾಲ್ಕು ಕಾಲುಗಳನ್ನೂ ನನ್ನ ಎರಡು ಅಂಗೈಯಷ್ಟು ಜಾಗದಲ್ಲಿ ಜೋಡಿಸಿಕೊಂಡು ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಗಲ್ಲದಿಂದ ಇಳಿದ ಗಡ್ಡ ಕುತ್ತಿಗೆಗೆ ಬಂದು, ಕುತ್ತಿಗೆಯಿಂದ ಎದೆಗೆ ಬಂದು, ಗಾಳಿಗೆ ಮುದುಕನ ಉತ್ತರೀಯದಂತೆ ಹಾರುತ್ತಿತ್ತು. ಮೈ ಜೋಳದ ದಂಟು ಒಣಗಿದ ಬಣ್ಣ. ಆ ತಲೆಯ ಮೇಲೆ ಎರಡು ಕೋಡು, ಬುಡದಲ್ಲಿ ಒತ್ತೊತ್ತಾಗಿ ಹೊರಟು, ಮೇಲೆ ಹೋಗುತ್ತ ಹೋಗುತ್ತ ಒಂದನ್ನೊಂದು ಬಿಟ್ಟು, ಸುತ್ತಿ ಸುತ್ತಿ ಆಕಾಶಕ್ಕೆ.

ನನ್ನ ಬಾಯಿಂದ ಪ್ರಶ್ನೆಗಳೆಲ್ಲ ಒಟ್ಟಿಗೇ ಬಂದವು. ಇದು ಮಲಗುವಾಗ ತಲೆ ಎಲ್ಲಿಡತೈತಿ? ಬೆನ್ನು ಕೆರೆದರೆ ಕೋಡಿನ ತುದಿಯಿಂದ ಕೆರಕೋತೈತೇನು? ವರ್ಷಕ್ಕೊಂದು ಸುತ್ತು ಬರತೈತೇನು? ಹಾವು ತಿಂತೈತೇನು?

"ಒಂದೊಂದೇ ಕೇಳಿ ಅಕ್ಕ" ಎಂದು ಅಬ್ದುಲ್ ಸಲಾಂ ನಕ್ಕರು. "ಹಾವು ತಿಂತದೆ ಅಂತ ಇವನ್ನು ತಂದ ಪಠಾಣ ಹೇಳ್ತಿದ್ದ. ಅವರ ಭಾಷೆಯಲ್ಲಿ ಇದರ ಹೆಸರೇ ಹಾವು ತಿನ್ನುವವ ಅಂತ. ಒಮ್ಮೆ ಇಲ್ಲಿ ಒಂದು ಹಾವು ಬಂದಿತ್ತು. ನಾನು ಆಸೆಯಲ್ಲಿ ನೋಡಿದೆ. ಈ ಮಾರಾಯ ಹಾವನ್ನು ನೋಡಿದ್ದೇ ಶೆಡ್ಡಿನ ಮೇಲೆ. ನಾನು ಪಿಕಪ್ಪಿನ ಮೇಲೆ. ಮತ್ತೆ ಯಾರನ್ನು ಯಾರು ತಿನ್ನುದು?"

"ಹಂಗಾರ ಅದು ಸುಳ್ಳು?"

"ಸುಳ್ಳು ಅಂತ ಹೇಗೆ ಹೇಳುದು? ಅವನ ಊರಲ್ಲಿ ತಿಂತಿತ್ತೋ ಏನೋ. ಇಲ್ಲಿ ಹಸಿ ಸೊಪ್ಪು ಬಿಟ್ಟಿ ಸಿಗುವಾಗ ಹಾವು ಯಾರಿಗೆ ಬೇಕು?"

ಅವರು ಬಕೆಟ್ಟು ಬಡಿದರು. ಆಡು ಮಾಡಿನಿಂದ ಎಸಿ ಯುನಿಟ್ಟಿನ ಮೇಲೆ ಜಿಗಿಯಿತು ('ಲೇ, ನಿನ್ನ!' ಎಂದು ನನ್ನ ಗಂಡ ಎದೆ ಹಿಡಿದುಕೊಂಡರು), ಅಲ್ಲಿಂದ ನೆಲಕ್ಕೆ, ನೆಲದಿಂದ ಬೇಲಿಯ ಹತ್ತಿರಕ್ಕೆ. ಅಡ್ಡ ಗೆರೆಯ ಹಳದಿ ಕಣ್ಣು ನನ್ನನ್ನು ನೋಡಿತು. ನಾನು ಅದರ ಹಣೆ ನೋಡಿದೆ. ಕೋಡಿನ ಮುಂದಿನ ಏಣು ಬುಡದಿಂದ ಎದ್ದು, ಬಲಗಡೆಯದು ಬಲಕ್ಕೆ, ಎಡಗಡೆಯದು ಎಡಕ್ಕೆ, ತಲೆಯಿಂದ ದೂರ ತಿರುಗಿತ್ತು.

ಹೊರಕ್ಕೆ.

"ಹೊರಗ ಐತಿ! ರೀ, ಹೊರಗ ಐತಿ! ಫೋಟೋ ತಗೀರಿ!"

ನಮ್ಮಿಬ್ಬರನ್ನೂ ಆಡಿನ ಪಕ್ಕ ನಿಲ್ಲಿಸಿ ಅಬ್ದುಲ್ ಸಲಾಂ ಕ್ಯಾಮೆರಾದ ಗುಂಡಿ ಒತ್ತಿದರು. ಆಡು ನೆಟ್ಟಗೆ ನೋಡಿತು. ಅದೊಂದು ಪುಣ್ಯ.

ಆಯಿಯ ಕಣ್ಣು ಮಂಜು. ಅದಕ್ಕೆ ಸ್ಟುಡಿಯೋದಲ್ಲಿ ಆ ಒಂದು ಚಿತ್ರವನ್ನು ಮಾತ್ರ ದೊಡ್ಡದಾಗಿ ಎರಡು ಪ್ರತಿ ಮಾಡಿಸಿದೆವು, ಆಯಿಗೊಂದು, ನಮಗೊಂದು. ಫೋಟೋ ಕೈಗೆ ಬಂದ ಸಂಜೆಯೇ ದುಖಾನ್ ಊರಿನಲ್ಲಿ ಕೆಲಸಕ್ಕಿದ್ದ ಶಿವಕುಮಾರ ರಜೆಗೆ ಹೊರಟಿದ್ದ. ನಮ್ಮ ಕಡೆಯವನು, ಗೋಕಾಕದವನು. ಊರಿಗೆ ಹೋಗುವವರ ಕೈಯಲ್ಲಿ ಎಲ್ಲರೂ ಏನಾದರೂ ಕೊಡುವವರೇ. ಅವನು ಟ್ಯಾಕ್ಸಿ ಕೆಳಗೇ ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದ.

"ವೈನಿ, ಯಲ್ಲಾ ಯಲ್ಲಾ, ಲಗೂ ಮಾಡ್ರಿ. ಕಾಗದ ಆದ್ರ ಕೊಡ್ರಿ, ಟ್ಯಾಂಗ್ ಡಬ್ಬಿ ಆದ್ರ ಖಲಾಸ್, ಜಾಗ ಇಲ್ಲ."

ಕವರಿನಿಂದ ಫೋಟೋ ತೆಗೆದು ಒಮ್ಮೆ ನೋಡಿದೆ. ಆಡು ಚೆನ್ನಾಗಿ ಬಂದಿತ್ತು, ಕೋಡು ಹೊರಕ್ಕೆ. ಅಷ್ಟು ಸಾಕಿತ್ತು ನನಗೆ. ಅವನ ಕೈಗಿಟ್ಟೆ.

ಫೋಟೋ ತಲುಪಿರಬೇಕು ಎಂದು ಲೆಕ್ಕ ಹಾಕಿ ಮುಂದಿನ ಶುಕ್ರವಾರ ಬೆಳಿಗ್ಗೆ ಊರಿಗೆ ಫೋನು ಮಾಡಿದೆ. ನಮ್ಮ ಫ್ಲ್ಯಾಟಿನ ಅರ್ಧ ನಮಗೆ, ಅರ್ಧ ಮಂಗಳೂರಿನ ಜ್ಯೋತ್ಸ್ನಾಳ ಸಂಸಾರಕ್ಕೆ. ಫೋನು ನಡುವಿನ ಹಾಲಿನಲ್ಲಿ. ಊರಲ್ಲಿ ಎಸ್‌ಟಿಡಿ ಬೂತು ಇದ್ದದ್ದು ಒಂದೇ, ಅದು ಸಿಂಪಿಗ ಗುರುಪಾದಪ್ಪನ ಅಂಗಡಿಯಲ್ಲೇ. ಆಯಿಯನ್ನು ಕರೆಸಬೇಕಾದರೂ ಅವನನ್ನೇ ಕೇಳಬೇಕು.

"ಗುರುಪಾದಪ್ಪ ಕಾಕಾ, ನಾ ನೇತ್ರಾ."

"ಗೊತ್ತಾತ, ಗೊತ್ತಾತ. ನಿಮ್ಮ ಆಯಿ ಮುಂಜಾನಿಂದ ಇಲ್ಲೇ ಕುಂತಾಳ, ಫೋಟೋ ಹಿಡಕೊಂಡ. ಅರ್ಧ ಊರ ಇಲ್ಲೇ ಐತಿ." ಹಿಂದೆ ಜನರ ಗದ್ದಲ, ಹೊಲಿಗೆ ಮಷಿನ್ನಿನ ಸದ್ದು. "ಛೊಲೊ ಐತೆವ್ವಾ ಫೋಟೋ. ಒಂದ ಮಾತ ಹೇಳ. ನಿನ್ನ ಗಂಡ ಹೆಂಗಸರ ಅಂಗಿ ಯಾಕ ತೊಟ್ಟಾನ?"

"ಏನ್ರೀ ಕಾಕಾ?"

"ಗಂಡಸರ ಅಂಗ್ಯಾಗ ಎಡಮಗ್ಗಲದ ಪಟ್ಟಿ ಮ್ಯಾಲ ಬರತೈತಿ. ಇವಂದು ಬಲಮಗ್ಗಲ ಮ್ಯಾಲೈತಿ. ನಾ ಇದನ್ನ ಹೊಲಕೋತ ಮುದುಕ ಆಗೇನಿ, ನನಗ ತೋರಸ್ತೀಯೇನ? ನಿನ್ನ ಸೆರಗೂ ಬಲಭುಜದ ಮ್ಯಾಲೈತಿ. ಫೋಟೋನ ಉಲ್ಟಾ ಮಾಡಿಸೀರಿ!"

ನಾನು ಓಡಿಹೋಗಿ ನಮ್ಮ ಪ್ರತಿ ತಂದೆ. ಜ್ಯೋತ್ಸ್ನಾಳೂ ಇಣುಕಿದಳು. "ಅಯ್ಯೋ ಹೌದನಾ! ನೇತ್ರಾ, ನಿನ್ನ ಸೆರಗು ನೋಡು ಮಾರಾಯ್ತಿ. ಇವರ ವಾಚೂ ಬಲಗೈಯಲ್ಲಿ. ಸ್ಟುಡಿಯೋದವ ನೆಗೆಟಿವ್ ತಿರುಗಿಸಿ ಹಾಕಿದ್ದಾನೆ. ಇಷ್ಟು ದಿನ ನೀನು ನೋಡಲಿಲ್ಲವಾ?"

ನೋಡಿರಲಿಲ್ಲ. ದಿನಾ ತೆಗೆದು ನೋಡಿದ್ದೆ, ಆದರೆ ಆಡನ್ನು ಮಾತ್ರ.

"ಈಗ ತಿಳೀತ?" ಗುರುಪಾದಪ್ಪನ ದನಿಯಲ್ಲಿ ಸಂತೆಯ ದಿನದ ಹುರುಪೇ ಇತ್ತು. ಅವನು ಹೇಳುತ್ತಿದ್ದದ್ದು ನನಗಲ್ಲ, ಅಂಗಡಿಯ ತುಂಬ ಇದ್ದವರಿಗೆ. "ಅಂಗಿ ಉಲ್ಟಾ, ಸೆರಗ ಉಲ್ಟಾ, ಅಂದಮ್ಯಾಲ ಕ್ವಾಡೂ ಉಲ್ಟಾ. ಇಲ್ಲಿ ಹೊರಗ ಕಾಣಸ್ತೈತಿ ಅಂದ್ರ ಖರೇ ಆಡಿಂದು ಒಳಗ. ಮುದುಕಿ ಮಾತ ಖರೇ ಮಾಡಾಕ ಮೊಮ್ಮಗಳು ಆಟ ಕಟ್ಯಾಳ!"

"ಕಾಕಾ, ನಾ ಕಣ್ಣಾರೆ ನೋಡೇನಿ..."

"ನಿಮ್ಮ ಮುತ್ಯಾನೂ ಕಣ್ಣಾರೆ ನೋಡಿದ್ದ!"

ನಗೆ ಎದ್ದಿತು. ಅದರ ನಡುವೆ ರಿಸೀವರು ಆಯಿಯ ಕೈಗೆ ಹೋಯಿತು.

"ಇರಲಿ ಬಿಡವ್ವ" ಎಂದಳು. "ಫೋಟೋ ಛೊಲೊ ಐತಿ. ನೀ ಮೈ ಕೈ ತುಂಬಕೊಂಡೀ. ಅಷ್ಟ ಸಾಕ ನನಗ." ಓಣಿಯ ಮಕ್ಕಳಿಗೆ 'ಮರತಾವ, ಹೋಗ್ರಿ' ಎನ್ನುವಾಗಿನ ದನಿಯೇ ಅದು. ಫೋನು ಇಟ್ಟುಬಿಟ್ಟಳು.

ನಾನು ಸೋಫಾದ ಮೇಲೆ ಕೂತೆ. ಗುರುಪಾದಪ್ಪ ಹೇಳಿದ್ದರಲ್ಲಿ ತಪ್ಪು ಎಲ್ಲಿದೆ? ಎಲ್ಲ ತಿರುಗಿದ್ದರೆ ಕೋಡೂ ತಿರುಗಿರಬೇಕು. ಹಾಗಾದರೆ ಉಮ್ಮ್ ಸಲಾಲಿನಲ್ಲಿ ನಾನು ಕಂಡದ್ದೇನು? ಬೇಕೆಂದು ಹೋದವಳ ಕಣ್ಣಿಗೆ ಬೇಕಾದದ್ದೇ ಕಂಡಿತೇ? ಮುತ್ಯಾನಿಗೂ ಹಾಗೇ ಆಗಿತ್ತೇ? ಆದರೆ ಎದೆಯೊಳಗೆ ಒಂದು ಕಡೆ ಇನ್ನೂ ತುರಿಸುತ್ತಿತ್ತು. ತಿರುಗಿದ್ದನ್ನು ಮತ್ತೆ ತಿರುಗಿಸಿದರೆ ನಿಜವಾದದ್ದು ಸಿಗಬೇಕಲ್ಲ? ಒಳಕ್ಕಿದ್ದರೆ ಒಳಕ್ಕೆ ಕಾಣಲಿ, ನೋಡಿಯೇ ಬಿಡೋಣ ಎಂದು ಎದ್ದೆ.

ಕಪಾಟಿನ ಬಾಗಿಲಿನ ಕನ್ನಡಿಯ ಮುಂದೆ ಫೋಟೋ ಹಿಡಿದೆ. ಕನ್ನಡಿಯೊಳಗೆ ನನ್ನ ಸೆರಗು ಎಡಭುಜಕ್ಕೆ ಬಂತು. ಇವರ ವಾಚು ಎಡಗೈಗೆ ಬಂತು. ಅಂಗಿಯ ಪಟ್ಟಿ ಸರಿಯಾಯಿತು. ಕೊನೆಗೆ, ಅರ್ಧ ಕಣ್ಣು ಮುಚ್ಚಿಕೊಂಡು, ಆಡನ್ನು ನೋಡಿದೆ.

ಹೊರಕ್ಕೆ.

ಫೋಟೋ ನೋಡಿದೆ: ಹೊರಕ್ಕೆ. ಕನ್ನಡಿ ನೋಡಿದೆ: ಹೊರಕ್ಕೆ. ಹಾಗಾದರೆ ತಿರುಗಿದ್ದೇನು? ಎಡಗೋಡು ಬಲಕ್ಕೆ ಹೋಗಿತ್ತು, ಬಲಗೋಡು ಎಡಕ್ಕೆ ಬಂದಿತ್ತು, ಅಷ್ಟೇ. ಬಂದ ಕೋಡೂ ತಲೆಯಿಂದ ದೂರವೇ ತಿರುಗಿತ್ತು. ನಂಬಿಕೆಯಾಗದೆ ಕೂದಲು ಬಿಚ್ಚಿ ಎರಡು ಜಡೆ ಹೆಣೆದು, ಎರಡರ ತುದಿಯನ್ನೂ ಕಿವಿಯಿಂದ ಹೊರಕ್ಕೆ ಬಗ್ಗಿಸಿ ಹಿಡಿದೆ. ಕನ್ನಡಿಯೊಳಗಿನವಳ ಜಡೆಗಳೂ ಹೊರಕ್ಕೇ ಚಾಚಿದ್ದವು. ಎಷ್ಟು ಸಲ ನೋಡಿದರೂ ಆ ಕನ್ನಡಿಯವಳಿಗೆ ಅವನ್ನು ಒಳಕ್ಕೆ ತರಲು ಬರಲಿಲ್ಲ.

"ಎಂತ ಮಾಡ್ತಿದ್ದಿ ನೀನು?" ಬಾಗಿಲಲ್ಲಿ ಜ್ಯೋತ್ಸ್ನಾ. "ಆಡು ನೋಡಿ ಬಂದದ್ದೇ ಕೊಂಬು ಬಂತಾ?"

ನಾನು ಆಗಲೇ ಹಾಲಿಗೆ ಓಡಿ ಮತ್ತೆ ಬೂತಿನ ನಂಬರು ಒತ್ತಿದ್ದೆ.

"ಕಾಕಾ, ನಿಮ್ಮ ಅಂಗಡ್ಯಾಗ ಕನ್ನಡಿ ಐತಲ್ಲ?"

"ಐತಿ. ಗಿರಾಕಿ ಅಂಗಿ ತೊಟ್ಟ ನೋಡಕೊಳ್ಳಾಕ. ಯಾಕ?"

"ಫೋಟೋ ಅದರ ಮುಂದ ಹಿಡೀರಿ. ಉಲ್ಟಾ ಆದದ್ದು ಸುಲ್ಟಾ ಆಗತೈತಿ. ಅಂಗಿ ನೋಡ್ರಿ, ಸೆರಗ ನೋಡ್ರಿ, ಆಮ್ಯಾಲ ಕ್ವಾಡ ನೋಡ್ರಿ. ಎಲ್ಲಾರೂ ಕೇಳೂ ಹಂಗ ಹೇಳ್ರಿ."

ರಿಸೀವರು ಮೇಜಿನ ಮೇಲೆ ಇಟ್ಟ ಸದ್ದು. ಮಷಿನ್ನು ನಿಂತಿತು. ದೂರದಿಂದ ಗುರುಪಾದಪ್ಪನ ದನಿ, ಉಡಾಫೆಯಿಂದ: "ಅಂಗಿ ಸರಿ ಆತ. ಹಾಂ, ಸೆರಗ ಸರಿ ಆತ..." ಆಮೇಲೆ ಏನೂ ಇಲ್ಲ.

"ಆಡೋ?" ಯಾರೋ ಕೇಳಿದರು.



"ಏ ಗುರುಪಾದಪ್ಪ, ಆಡು?"

"ತಡಿರೋ. ಇನ್ನೊಮ್ಮೆ ನೋಡತೇನಿ." ಕಾಗದ ಸರಪರ ಎಂದಿತು. "ಕನ್ನಡಿ ಮ್ಯಾಲ ಧೂಳ ಐತಿ, ತಡಿ. ಒರಸ್ತೇನಿ." ಕಡೆಗೆ, ನನಗೆ ಕೇಳಿಯೂ ಕೇಳದಷ್ಟು ಮೆಲ್ಲಗೆ: "ಹೊರಗ ಐತಿ."

ಆಗ ಕೇಳಿದ್ದು ಆಯಿಯ ನಗು. ಆ ನಗುವನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ.

"ಲೇ ಗುರುಪಾದ, ಹೊರಗ ಹೊಂಟದ್ದನ್ನ ಕನ್ನಡಿ ಹಿಡದ ಒಳಗ ಕರ್ಯಾಕ ಬರೂದಿಲ್ಲೋ! ನನ್ನ ಗಂಡನ ಬಾಯಾಗಷ್ಟ ಇತ್ತಂದ್ಯಲ್ಲ, ಈಗ ನಿನ್ನ ಕನ್ನಡ್ಯಾಗೂ ಐತಿ. ಕನ್ನಡಿ ಒಡೀತೀಯೇನ?"

"ತಪ್ಪಾತ ದೊಡ್ಡವ್ವ" ಎಂದ ಅವನು. ಅಂಗಡಿಯಲ್ಲಿ ಗುಲ್ಲೆದ್ದಿತು. ಎಲ್ಲರೂ ಕನ್ನಡಿಗೆ ಮುಗಿಬಿದ್ದಿರಬೇಕು, "ಸರಿಯೋ", "ನನಗ ತೋರಸೋ" ಎಂಬ ಕೂಗಾಟ. ನಾನು ಫೋನಿನ ಮೇಲಿದ್ದೇನೆ ಎಂಬುದು ಯಾರಿಗೂ ನೆನಪಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗುರುಪಾದಪ್ಪನೇ, ಈ ಸಲ ಕೆಣಕದ ದನಿಯಲ್ಲಿ, ಕೇಳಿದ.

"ಹಂಗಾರ ದೊಡ್ಡವ್ವ, ಅದು ಹಾವ ತಿಂತೈತಿ ಅಂತಿದ್ದೆಲ್ಲ, ಅದೂ ಖರೇ ಏನ?"

ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. 'ನನಗ ಮರತಾವ' ಎನ್ನುತ್ತಾಳೇನೋ ಎಂದು.

"ಆ ಸ್ಟೂಲ ಇತ್ತ ತಾ" ಎಂದಳು ಆಯಿ. "ನೀನೂ ಕುಂಡರು. ಮಷಿನ್ ತುಳೀಬ್ಯಾಡ, ನನಗ ಕೇಳೂದಿಲ್ಲ. ದಾರಿ ಇಲ್ಲದ ಒಂದ ಗುಡ್ಡ ಇತ್ತು. ಗುಡ್ಡದ ತುದ್ಯಾಗ ಒಂದ ಹಾವಿತ್ತು. ಅದಕ್ಕೂ ಹಸಿವು, ಆಡಿಗೂ ಹಸಿವು..."

ಹೊರಗಿನಿಂದ ಬಂದ ಇವರು ಫೋನನ್ನೂ ನನ್ನ ಎರಡು ಜಡೆಯನ್ನೂ ನೋಡಿ, ಕಿವಿಯ ಹತ್ತಿರ ಕೈಯಾಡಿಸಿ, ಫೋನಿನ ಬಿಲ್ಲು ಏರುತ್ತದೆ ಎಂದು ಸನ್ನೆ ಮಾಡಿದರು. ನಾನು ತುಟಿಯ ಮೇಲೆ ಬೆರಳಿಟ್ಟು ರಿಸೀವರನ್ನು ನನ್ನ ಕಿವಿಗೂ ಅವರ ಕಿವಿಗೂ ನಡುವೆ ಹಿಡಿದೆ. ಇನ್ನೊಂದು ಕಡೆಯಿಂದ ಜ್ಯೋತ್ಸ್ನಾ ತಲೆ ತೂರಿಸಿದಳು. ಆಡು ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಮಾತು ಸಣ್ಣಗಾಯಿತು. ಆಯಿ ಮುಖ ಆಚೆ ತಿರುಗಿಸಿದಳೋ ಏನೋ.

"ಏನಂತ?" ಇವರು ಪಿಸುಗುಟ್ಟಿದರು. "ಹಾವ ಏನ ಮಾಡಿತಂತ?"